ಪಾಪ ಹೇಳುವ ತಾಲೀಮು

ಮಕ್ಕಳಿಗೆ ಪಾಪ ಹೇಳುವುದನ್ನು ಕಲಿಸುವುದರಲ್ಲಿ ನನ್ನನ್ನು ಮೀರಿಸುವ ಮೇಷ್ಟ್ರು ಇಡೀ ಕಿಟ್ಗುಮ್ ಸೀಮೆಯಲ್ಲಿ ಇರಲಿಲ್ಲ. ಇದನ್ನು ನಾನೇ ಹೇಳಿಕೊಂಡು ತಿರುಗುತ್ತಿದ್ದೆ, ನಾಚಿಕೆಗೆಟ್ಟವನು. ನಮ್ಮ ಮಿಷನ್ ಶಾಲೆಯ ನಾಲ್ಕನೇ ತರಗತಿಯ ಮಕ್ಕಳನ್ನು ಮೊದಲ ಪಾಪನಿವೇದನೆಗೂ, ದೇವರನ್ನೇ ರೊಟ್ಟಿಯ ರೂಪದಲ್ಲಿ ನಾಲಿಗೆಯ ಮೇಲೆ ಪಡೆಯುವ ಮೊದಲ ಪರಮಪ್ರಸಾದಕ್ಕೂ ಸಿದ್ಧಮಾಡುವುದು ನನ್ನ ಕೆಲಸ. ಫಾದರ್ ಬರುವುದು ವರ್ಷಕ್ಕೆ ಮೂರೋ ನಾಲ್ಕೋ ಸಲ. ಬಂದ ದಿನ ಒಂದೊಂದು ಮಗುವೂ ಅಳುತ್ತಾ ಕಥೆ ಹೇಳುತ್ತಾ ಕೂತರೆ ಸಾಲು ಕರಗುವುದೇ ಇಲ್ಲ. ಅದಕ್ಕೇ ನಾನು ಮಾವಿನ ಮರದ ಕೆಳಗೆ ಬೆಂಚು ಹಾಕಿ, ನಾನೇ ಫಾದರ್ ಆಗಿ ಕೂತು, ಒಬ್ಬೊಬ್ಬರನ್ನೇ ಮಂಡಿಯೂರಿಸಿ ತಾಲೀಮು ಕೊಡುತ್ತಿದ್ದೆ. ಪಾಪ ಯಾವುದು, ಎಷ್ಟು ಸಲ, ಇನ್ನು ಮಾಡುವುದಿಲ್ಲ, ಇಷ್ಟೇ ಹೇಳಬೇಕು. ಕಾರಣ ಹೇಳಬಾರದು. ಬೇರೆಯವರ ಹೆಸರು ಎತ್ತಬಾರದು.

ಆ ವರ್ಷದ ತಂಡದಲ್ಲಿ ಲಮುನು ಎಂಬ ಹತ್ತು ವರ್ಷದ ಹುಡುಗಿ ಇದ್ದಳು. ಅಪ್ಪ ಅಮ್ಮ ತೀರಿಕೊಂಡಿದ್ದರು. ಅವಳೂ ಅಬೆರ್ ಎಂಬ ತಂಗಿಯೂ ಸೋದರತ್ತೆಯ ಮನೆಯಲ್ಲಿದ್ದರು. ಅಬೆರ್‌ಗೆ ತಲೆ ತೂಗುವ ಕಾಯಿಲೆ. ಮುಂದೆ ಊಟ ಇಟ್ಟ ತಕ್ಷಣ ತಲೆ ತೂಗಲು ಶುರುವಾಗುತ್ತದೆ, ಕಣ್ಣು ಮೇಲೆ ಹೋಗುತ್ತದೆ, ಒಮ್ಮೊಮ್ಮೆ ಮಗು ಒಲೆಗೇ ಬೀಳುತ್ತದೆ. ನಮ್ಮ ಕಡೆ ಅಂಥ ಮಕ್ಕಳಿಲ್ಲದ ಊರಿರಲಿಲ್ಲ. ಆ ಮನೆಯಲ್ಲಿ ಅಂಥದೊಂದು ಮಗು ಇದೆ ಎಂದು ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳುವ ಭಾಗ್ಯ ನನಗಿಲ್ಲ.

ತಾಲೀಮಿನ ದಿನ ಲಮುನು ಮಂಡಿಯೂರಿ ಕಣ್ಣು ಮುಚ್ಚಿದಳು.

"ಫಾದರ್, ನಾನು ಅತ್ತೆ ಮಡಕೆಯಿಂದ ಮುದ್ದೆ ಕದ್ದೆ."

"ಎಷ್ಟು ಸಲ?"

"ದಿನಾ."

ಮಕ್ಕಳೆಲ್ಲ ಗೊಳ್ಳೆಂದು ನಕ್ಕರು. "ಹೊಟ್ಟೆಬಾಕಿ!" ಎಂದು ಹಿಂದಿನಿಂದ ಯಾರೋ ಕೂಗಿದರು. ನಾನೂ ಸುಮ್ಮನಿರಲಿಲ್ಲ.

"ದಿನಾ ಕದ್ದು ತಿಂದ್ರೂ ಹಿಂಗೆ ಕಡ್ಡಿ ಆಗಿದ್ದೀಯಲ್ಲೇ! ಎಲ್ಲಿ ಹೋಗುತ್ತೆ ಅದೆಲ್ಲಾ?"

"ನನಗಲ್ಲ ಮೇಷ್ಟ್ರೇ, ಅಬೆರ್‌ಗೆ..."

"ಏಯ್! ಏನ್ ಹೇಳ್ಕೊಟ್ಟಿದ್ದೀನಿ ನಾನು? ಹೆಸರು ಬೇಡ, ನೆಪ ಬೇಡ. ಕದ್ದಿದ್ದು ನೀನು ತಾನೇ?"

"ನಾನೇ."

"ಮುಂದಕ್ಕೆ?"

ಅವಳು ಕಣ್ಣು ತೆರೆದು ನನ್ನನ್ನು ನೋಡಿದಳು. ನಾನು ಬೆತ್ತದಿಂದ ಬೆಂಚು ತಟ್ಟಿದೆ.

"ಇನ್ನು ಕದಿಯಲ್ಲ," ಎಂದಳು.

ಫಾದರ್ ಬರಲು ಇನ್ನೂ ಹನ್ನೆರಡು ದಿನವಿತ್ತು. ಬಾಯಲ್ಲಿ ಆಡಿದ್ದು ನಡತೆಯಲ್ಲಿ ಕಾಣಬೇಕು ಎಂಬುದು ನನ್ನ ಹಟ. ದಿನಾ ಬೆಳಗ್ಗೆ ಪ್ರಾರ್ಥನೆ ಮುಗಿದ ಮೇಲೆ ಒಬ್ಬೊಬ್ಬರನ್ನೂ ನಿಲ್ಲಿಸಿ ವಿಚಾರಿಸುತ್ತಿದ್ದೆ. "ಲಮುನು, ನಿನ್ನೆ?" "ಇಲ್ಲ ಮೇಷ್ಟ್ರೇ." ಚಪ್ಪಾಳೆ. ಮೊದಲೆರಡು ದಿನ ಅವಳ ಮುಖದಲ್ಲಿ ಹೆಮ್ಮೆ ಇತ್ತು. ಐದನೇ ದಿನ ಚಪ್ಪಾಳೆ ಮುಗಿದರೂ ಅವಳು ಕೂರಲಿಲ್ಲ.

"ಮೇಷ್ಟ್ರೇ, ಒಂದೇ ಒಂದು ಸಲ ಕದ್ರೆ?"

"ಕದಿ. ಆಮೇಲೆ ಪರಮಪ್ರಸಾದಕ್ಕೆ ಅಂತ ಹೊಲಿಸಿದ ಬಿಳಿ ಲಂಗ ಮಡಚಿ ಒಳಗಿಡು. ಕಳ್ಳಿ ನಾಲಿಗೆ ಮೇಲೆ ದೇವರು ಕೂರ್ತಾನಾ?"

ಮಕ್ಕಳು ಮತ್ತೆ ನಕ್ಕರು. ನನ್ನ ಮಾತಿನ ಚುರುಕಿಗೆ ನನಗೇ ಖುಷಿಯಾಯಿತು.

ಒಂಬತ್ತನೇ ದಿನ ಲಮುನು ಶಾಲೆಗೆ ಬರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅಬೆರ್ ಸತ್ತಳೆಂಬ ಸುದ್ದಿ ಬಂತು. ಫಾದರ್ ಇಲ್ಲದ ಕಡೆ ಮಣ್ಣು ಮಾಡುವಾಗಿನ ಪ್ರಾರ್ಥನೆ ನನ್ನದೇ, ಹಾಗಾಗಿ ಹೋದೆ. ಗುಡಿಸಲ ಪಕ್ಕದಲ್ಲೇ ಗುಂಡಿ ತೋಡಿದ್ದರು. ಚಾಪೆಯಲ್ಲಿ ಸುತ್ತಿದ ಮಗುವನ್ನು ಪಕ್ಕದ ಮನೆಯವನೊಬ್ಬನೇ ಎತ್ತಿ ತಂದ. ಏಳು ವರ್ಷದ ಮಗು ಅಷ್ಟು ಹಗುರ ಇರಬಾರದು.

ಅತ್ತೆ ನನ್ನ ಕೈ ಹಿಡಿದುಕೊಂಡು ಅತ್ತಳು. "ತಿಂದ್ರೆ ತಲೆ ತೂಗುತ್ತೆ ಅಂತ ಹಗಲೆಲ್ಲ ಏನೂ ಕೊಡ್ತಿರ್ಲಿಲ್ಲ ಮೇಷ್ಟ್ರೇ. ಬೆಂಕಿಗೆ ಬಿದ್ದು ಸತ್ತೋಗ್ತಾಳೇನೋ ಅಂತ ಭಯ. ಸಂಜೆ ಒಂದು ಬಟ್ಟಲು ತೆಳ್ಳಗಿನ ಗಂಜಿ, ಅಷ್ಟೇ. ವರ್ಷದಿಂದ ಹಂಗೇ ನಡೀತಿತ್ತು, ಓಡಾಡ್ಕೊಂಡಿದ್ಲು. ಈ ವಾರದಲ್ಲೇ ಯಾಕೆ ಹಿಂಗೆ ಇಳಿದೋದ್ಲು? ನಾನೇನೂ ಬೇರೆ ಮಾಡ್ಲಿಲ್ವಲ್ಲಾ!"

ಅವಳೇನೂ ಬೇರೆ ಮಾಡಿರಲಿಲ್ಲ. ಬೇರೆ ಮಾಡಿಸಿದವನು ನಾನು. ಒಂದು ವರ್ಷ ಆ ಮಗುವನ್ನು ಬದುಕಿಸಿದ್ದು ಅಕ್ಕ ಕದ್ದು ತರುತ್ತಿದ್ದ ರಾಗಿ ಮುದ್ದೆ. ಅದನ್ನು ಚಪ್ಪಾಳೆ ತಟ್ಟಿಸಿ ನಿಲ್ಲಿಸಿದೆ. ಆದರೂ ಪುಸ್ತಕ ತೆರೆದು ಒಂದಕ್ಷರ ತಪ್ಪದೆ ಪ್ರಾರ್ಥನೆ ಓದಿದೆ. ಅತ್ತೆಗೆ ಏನೂ ಹೇಳಲಿಲ್ಲ. ಹೇಡಿ ನಾನು.

ಫಾದರ್ ಹೇಳಿದ ದಿನಕ್ಕೇ ಬಂದರು. ಮಕ್ಕಳು ಬಿಳಿ ಬಟ್ಟೆಯಲ್ಲಿ ಸಾಲು ನಿಂತರು. ಲಮುನುವೂ ಬಂದಿದ್ದಳು, ಸಾವಿನ ಮನೆಯವಳೆಂದು ಅವಳ ತಲೆ ಬೋಳಿಸಿದ್ದರು. ಅವಳ ಮುಂದೆ ಇಬ್ಬರೇ ಉಳಿದಾಗ ಸಾಲು ಬಿಟ್ಟು ನನ್ನ ಹತ್ತಿರ ಬಂದಳು.

"ಮೇಷ್ಟ್ರೇ, ಒಂದು ಕೇಳ್ಲಾ? ಬೈಬೇಡಿ."

"ಕೇಳು ಮಗಾ."

"ನಾನು ಮುದ್ದೆ ಕದ್ದಿದ್ದು ನಿಜವಾಗ್ಲೂ ಪಾಪಾನಾ?"

ಅಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಹಸಿದ ಮಗುವಿಗೆ ಅನ್ನ ಕದ್ದರೆ ಅದು ಪಾಪವಲ್ಲ ಎಂದು ಧರ್ಮೋಪದೇಶದ ತರಬೇತಿಯಲ್ಲೇ ನನಗೆ ಕಲಿಸಿದ್ದರು. ಪಾಪವಲ್ಲ ಎಂದರೆ, ಕದಿಯುವುದನ್ನು ಬಿಟ್ಟದ್ದರಿಂದ ತಂಗಿ ಸತ್ತಳೆಂದು ಈ ಹುಡುಗಿ ಸಾಯುವವರೆಗೂ ಹೊತ್ತುಕೊಂಡು ತಿರುಗಬೇಕು. ಪಾಪ ಎಂದರೆ, ಆ ಮಗು ಉಪವಾಸ ಸಾಯಲಿ ಎಂದು ದೇವರೇ ಬಯಸಿದ ಎಂದು ನಾನು ಹೇಳಿದ ಹಾಗೆ. ಬಿಳಿ ಲಂಗದ ಅಂಚನ್ನು ಮುಷ್ಟಿಯಲ್ಲಿ ಹಿಡಿದು ಅವಳು ನನ್ನ ಬಾಯನ್ನೇ ನೋಡುತ್ತಿದ್ದಳು.

"ಹೌದು ಮಗಾ, ಪಾಪ," ಎಂದೆ.

ಅವಳು ಮುಷ್ಟಿ ಬಿಟ್ಟಳು. "ಹಂಗಾದ್ರೆ ನಾನು ಬಿಟ್ಟಿದ್ದು ಒಳ್ಳೇದೇ ಆಯ್ತು, ಅಲ್ವಾ ಮೇಷ್ಟ್ರೇ?"

"ಒಳ್ಳೇದೇ ಆಯ್ತು," ಎಂದೆ. ಅವಳು ಓಡಿಹೋಗಿ ತನ್ನ ಜಾಗದಲ್ಲಿ ನಿಂತಳು.