ಉಸಿರಿಗೂ ಒಂದು ಕಾಯ್ದೆ

ಕೆಮ್ಮು, ಉಬ್ಬಸ ಯಾರ ಮನೆಯಲ್ಲಿಲ್ಲ ಹೇಳ್ರಿ. ಬಿಸಿನೀರು ಕುಡಿ, ಎದೆಗೆ ಎಣ್ಣೆ ತಿಕ್ಕಿಕೋ, ತಾನಾಗಿ ಹೋಗುತ್ತೆ ಅಂತೀವಿ. ಹರಿಹರ ತಾಲ್ಲೂಕಿನ ಸಾರಥಿ ಅನ್ನುವ ಊರಿನ ನೀಲಕ್ಕನಿಗೂ ಎಲ್ಲರೂ ಹಾಗೇ ಹೇಳಿದ್ದರು. ಆದರೆ ನೀಲಕ್ಕನ ಉಬ್ಬಸ ವಾರ ನೋಡಿಕೊಂಡು ಬರುತ್ತಿತ್ತು.

ನೀಲಕ್ಕ ಹರಿಹರದ ಹೊರಗಿದ್ದ ಒಂದು ಸಣ್ಣ ನೂಲಿನ ಮಿಲ್ಲಿಗೆ ಹೋಗುತ್ತಿದ್ದಳು. ಅರಳೆಯ ಪಿಂಡಿ ಬಿಚ್ಚಿ, ಬಿಡಿಸಿ, ಹಿಂಜುವ ಯಂತ್ರಕ್ಕೆ ಹಾಕುವುದು ಆಕೆಯ ಕೆಲಸ. ಯಂತ್ರ ಶುರುವಾದರೆ ಖೋಲಿಯ ತುಂಬ ಬಿಳಿ ದೂಳು. ಸಂಜೆ ಬಸ್ಸಿನಲ್ಲಿ ಗುರುತಿಲ್ಲದವರು, "ಇಷ್ಟು ಸಣ್ಣ ವಯಸ್ಸಿಗೇ ತಲೆ ನರೆತೈತಲ್ಲ ತಾಯಿ" ಅನ್ನೋರು. ನೀಲಕ್ಕ ನಕ್ಕು ಸೆರಗಿನಿಂದ ತಲೆ ಕೊಡವಿಕೊಳ್ಳುತ್ತಿದ್ದಳು.

ಭಾನುವಾರ ಮಿಲ್ಲಿಗೆ ರಜೆ. ಅವತ್ತು ಆಕೆ ಆರಾಮಾಗಿ ಇರುತ್ತಿದ್ದಳು. ಹೊಳೆಗೆ ಹೋಗಿ ಬಟ್ಟೆ ಒಗೆದು ಬರುವಳು, ಗದ್ದೆಗೆ ಬುತ್ತಿ ಒಯ್ಯುವಳು. ಸೋಮವಾರ ಕೆಲಸಕ್ಕೆ ಹೋದರೆ ಮಧ್ಯಾಹ್ನದ ಹೊತ್ತಿಗೆ ಎದೆಗೆ ಹಗ್ಗ ಬಿಗಿದ ಹಾಗೆ ಆಗುವುದು. ಮಂಗಳವಾರ ಸ್ವಲ್ಪ ಸಡಿಲ. ಶನಿವಾರದ ಹೊತ್ತಿಗೆ ಮಾಯ. ಮತ್ತೆ ಸೋಮವಾರ ಬಂತೆಂದರೆ ಅದೇ ಹಗ್ಗ.

ಗಂಡ ಹಾಲೇಶಪ್ಪ ಕೆಟ್ಟವನಲ್ಲ. ಆದರೆ ಅವನಿಗೆ ಇದು ನಂಬುವ ಮಾತಾಗಿರಲಿಲ್ಲ.

"ನಿನ್ನೆ ಬದುವಿನ ಮ್ಯಾಲೆ ಓಡಾಡ್ತಿದ್ದಿ. ಇವತ್ತು ಮಿಲ್ಲಿಗೆ ಹೋದ ಕೂಡ್ಲೆ ಉಸಿರು ಕಟ್ತಂತೆ. ರಜೆ ರುಚಿ ಹತ್ತೈತೆ ನಿನಗೆ."

"ನಾಟಕ ಮಾಡ್ತೀನಿ ಅಂತೀರೇನು?"

"ನಾನೊಬ್ಬನೇ ಅಂತೀನೇನು? ನಿಮ್ಮ ಸೂಪರ್‌ವೈಸರೂ ಅದನ್ನೇ ಅಂತಾನಲ್ಲ."

ಎಲ್ಲರೂ ಹೇಳಿ ಹೇಳಿ ನೀಲಕ್ಕನಿಗೇ ತನ್ನ ಮೇಲೆ ಅನುಮಾನ ಬಂದಿತ್ತು. ನನ್ನ ಮೈಯೇ ಕಳ್ಳಮೈ ಇರಬೇಕು ಅಂದುಕೊಂಡು ಹಲ್ಲು ಕಚ್ಚಿ ಕೆಲಸ ಮಾಡುತ್ತಿದ್ದಳು.

ಒಂದು ದಿನ ಊಟದ ಹೊತ್ತಿನಲ್ಲಿ ಪಕ್ಕದಲ್ಲಿದ್ದ ಓಬವ್ವನ ಹತ್ತಿರ ಇದನ್ನು ಹೇಳಿಕೊಂಡಳು. ಓಬವ್ವ ಆ ಖೋಲಿಯಲ್ಲೇ ಎಲ್ಲರಿಗಿಂತ ಹಳಬಳು. ನಾಲ್ಕು ಹೆಜ್ಜೆ ನಡೆದರೆ ನಿಂತು ಗೋಡೆ ಹಿಡಿಯುತ್ತಿದ್ದಳು. ಆಕೆ ರೊಟ್ಟಿ ಮುರಿಯುತ್ತಾ ಕೇಳಿಸಿಕೊಂಡಳು.

"ಮೊದಮೊದಲು ನನಗೂ ಸೋಮವಾರಕ್ಕೇ ಬರ್ತಿತ್ತು ತಂಗಿ," ಅಂದಳು. "ಆಮ್ಯಾಲೆ ಮಂಗಳವಾರಕ್ಕೂ ಬಂತು, ಬುಧವಾರಕ್ಕೂ ಬಂತು. ಈಗ ರಜೆ ದಿನಾನೂ ಬಿಡಲ್ಲ."

ನೀಲಕ್ಕ ಉಳಿದ ರೊಟ್ಟಿಯನ್ನು ಮತ್ತೆ ಬುತ್ತಿಯಲ್ಲಿ ಕಟ್ಟಿಟ್ಟಳು.

ಇದು ದಾವಣಗೆರೆ ಜಿಲ್ಲೆಯಾದ ಮರುವರ್ಷದ ಮಾತು. ಕೋರ್ಟಿನ ಉಚಿತ ಕಾನೂನು ನೆರವಿನವರು ಊರೂರಿಗೆ ಬಂದು ಕಾನೂನು ಅರಿವು ಶಿಬಿರ ಮಾಡುತ್ತಿದ್ದರು. ಒಂದು ಭಾನುವಾರ ಸಾರಥಿಯ ಶಾಲೆ ಪಡಸಾಲೆಗೂ ಬಂದರು. ಮಾತಾಡಿದವರು ವಾಣಿ ಅಂತ ಒಬ್ಬ ವಕೀಲರು. ದಾವಣಗೆರೆ ಎಂ.ಸಿ.ಸಿ. ಬಡಾವಣೆಯವರು, ಇನ್ನೂ ಚಿಕ್ಕ ವಯಸ್ಸು. ಹೆಣ್ಣುಮಕ್ಕಳ ಆಸ್ತಿ, ವರದಕ್ಷಿಣೆ, ಜೀವನಾಂಶ ಎಲ್ಲ ಹೇಳಿ, "ಯಾರಿಗಾದ್ರೂ ಏನಾದ್ರೂ ಕೇಳೋದಿದ್ರೆ ಕೇಳ್ರಿ" ಅಂದರು.

ನೀಲಕ್ಕ ಹಿಂದಿನ ಸಾಲಿನಲ್ಲಿ ಎದ್ದು ನಿಂತಳು. "ಅಕ್ಕೋರೆ, ಮಿಲ್ಲಿನಾಗ ಉಸಿರು ಕಟ್ಟುತ್ತೆ. ಅದಕ್ಕೇನಾದ್ರೂ ಕಾನೂನು ಐತೇನ್ರಿ?"

ಗಂಡಸರ ಕಡೆಯಿಂದ ನಗು ಬಂತು. ಹಾಲೇಶಪ್ಪ ತಲೆ ತಗ್ಗಿಸಿದ. "ಹೊಲಕ್ಕೆ ಕಾಯ್ದೆ ಐತೆ, ಮದುವೆಗೆ ಕಾಯ್ದೆ ಐತೆ. ಉಸಿರಾಟಕ್ಕೂ ಕಾಯ್ದೆ ಕೇಳ್ತಾಳೆ ನಮ್ಮಾಕೆ," ಎಂದು ಪಕ್ಕದವನ ಹತ್ತಿರ ಗೊಣಗಿದ.

ವಾಣಿ ನಗಲಿಲ್ಲ. ಯಾವ ಮಿಲ್ಲು, ಏನು ಕೆಲಸ, ಯಾವಾಗ ಹೆಚ್ಚು ಅಂತ ಒಂದೊಂದೇ ಕೇಳಿದರು. ಸೋಮವಾರದ ಮಾತು ಬಂದಾಗ ಮತ್ತೊಮ್ಮೆ ಹೇಳಿಸಿದರು. ಆಮೇಲೆ, "ನೀಲಕ್ಕ, ನನಗೆ ಇದು ಪೂರ್ತಿ ಗೊತ್ತಿಲ್ಲ. ಓದಿ, ಕೇಳಿ ತಿಳ್ಕೊಂಡು ಮುಂದಿನ ಭಾನುವಾರ ನಿಮ್ಮ ಮನೆಗೇ ಬರ್ತೀನಿ" ಅಂದರು.

ಹಿಂಗೆ ಹೇಳಿ ಹೋದವರನ್ನು ಸಾರಥಿಯವರು ಬಹಳ ನೋಡಿದ್ದರು. ಆದರೆ ವಾಣಿ ಬಂದರು. ಹಾಲೇಶಪ್ಪ ಬಾಗಿಲಲ್ಲಿ ನೋಡಿ ಗಾಬರಿಯಾಗಿ, "ಬರ್ರಿ, ಒಳಗ ಕೂಡ್ರಿ" ಅಂತ ಚಾಪೆ ಹಾಸಿದ.

"ಕಾಯ್ದೆ ಐತೆ," ಅಂದರು ವಾಣಿ. "ಹತ್ತಿ ದೂಳಿನಿಂದ ಬರೋ ಈ ಕಾಯಿಲೆ ಹೆಸರೇ ಕಾರ್ಖಾನೆ ಕಾಯ್ದೆಯೊಳಗೆ ಬರೆದೈತೆ. ರಜೆ ಮುಗಿದ ಮೊದಲನೇ ದಿನ ಎದೆ ಬಿಗಿಯೋದೇ ಇದರ ಗುರುತಂತೆ, ಡಾಕ್ಟರೊಬ್ಬರು ಹೇಳಿದ್ರು. ಮೊದಲೇ ಗೊತ್ತಾದ್ರೆ ವಾಸಿ ಆಗುತ್ತೆ. ತಡ ಆದ್ರೆ ಶ್ವಾಸಕೋಶ ಹಾಳಾಗುತ್ತೆ."

ನೀಲಕ್ಕ ಗಂಡನ ಮುಖ ನೋಡಿದಳು. ಹಾಲೇಶಪ್ಪ ಚಾಪೆಯ ಅಂಚು ನೋಡುತ್ತಿದ್ದ.

"ಕಾಯಿಲೆ ಇರಬಹುದ್ರಿ," ಅಂದ ಅವನು. "ಆದ್ರ ಅನ್ನ ಕೊಡೋ ಸಾವ್ಕಾರ್ರ ಮ್ಯಾಲೆ ಹೆಂಗೆ ದೂರು ಕೊಡೋದು? ನಾಳೆ ಗೇಟಿನಾಚೆ ಹಾಕಿದ್ರೆ ನೀವು ಬರ್ತೀರೇನು?"

"ಬರ್ತೀನಿ," ಅಂದರು ವಾಣಿ. "ಸಾವ್ಕಾರ್ರು ಕೂಲಿ ಕೊಡೋದು ದುಡಿಮೆಗೆ ಹಾಲೇಶಪ್ಪನವರೆ, ಉಸಿರಿಗಲ್ಲ. ದೂಳು ಹೊರಗೆ ಎಳೆಯೋ ವ್ಯವಸ್ಥೆ ಮಾಡೋದು ಮಾಲೀಕರ ಕೆಲಸ. ಮಾಡದಿದ್ರೆ ಕೆಲಸಗಾರರು ನೇರವಾಗಿ ಸರ್ಕಾರದ ಫ್ಯಾಕ್ಟರಿ ಇನ್ಸ್‌ಪೆಕ್ಟರಿಗೆ ಹೇಳ್ಬಹುದು. ಯಾರು ಹೇಳಿದ್ರು ಅನ್ನೋದನ್ನ ಅವರು ಬಾಯಿ ಬಿಡೋ ಹಂಗಿಲ್ಲ. ಕೆಲಸಗಾರರ ಆರೋಗ್ಯ ಅವರ ಬದುಕೋ ಹಕ್ಕಿನ ಭಾಗ ಅಂತ ಸುಪ್ರೀಂ ಕೋರ್ಟೇ ಹೇಳೈತೆ. ಆದ್ರೆ ಮೊದಲು ನೀಲಕ್ಕನ ಪರೀಕ್ಷೆ ಆಗ್ಲಿ."

ಮಿಲ್ಲಿನ ಕಾರ್ಮಿಕರಿಗೆ ಇ.ಎಸ್.ಐ. ಇತ್ತು. ಅಂದರೆ ಅವರಿಗಾಗಿಯೇ ಇರುವ ಸರ್ಕಾರಿ ವಿಮೆ, ಅದರದೇ ಡಾಕ್ಟರು. ಆ ಡಾಕ್ಟರು ನೀಲಕ್ಕನ ಕೈಗೆ ಒಂದು ಕೊಳವೆ ಕೊಟ್ಟು ಜೋರಾಗಿ ಊದಲು ಹೇಳಿದರು. ಊದಿದ ಉಸಿರಿನ ಬಲ ಎಷ್ಟು ಅಂತ ಅದರ ಮುಳ್ಳು ತೋರಿಸುತ್ತದೆ. ಸೋಮವಾರ ಕೆಲಸಕ್ಕೆ ಹೋಗುವ ಮೊದಲು ಒಮ್ಮೆ, ಕೆಲಸ ಬಿಟ್ಟ ಮೇಲೆ ಒಮ್ಮೆ ಬಂದು ಊದಿ ಹೋಗಬೇಕು ಅಂದರು. ಎರಡೂ ಸಲ ಹಾಲೇಶಪ್ಪ ಜೊತೆಗೆ ಹೋದ. ಬೆಳಿಗ್ಗೆ ಮುಳ್ಳು ಸರಕ್ಕನೆ ಮುಂದಕ್ಕೆ ಹೋಯಿತು. ಸಂಜೆ ನೀಲಕ್ಕ ಕುತ್ತಿಗೆ ನರ ಉಬ್ಬುವ ಹಾಗೆ ಊದಿದಳು. ಮುಳ್ಳು ಅರ್ಧ ದಾರಿಗೂ ಹೋಗಲಿಲ್ಲ.

"ಇನ್ನೊಂದ್ಸಲ ಊದು," ಅಂದ ಹಾಲೇಶಪ್ಪ.

ಊದಿದಳು. ಅಷ್ಟೇ.

ಅವನು ಹೊರಗೆ ಹೋಗಿ ಚಹಾ ತಂದ. ಲೋಟವನ್ನು ಆಕೆಯ ಕೈಗೆ ಕೊಡುವಾಗ, "ಎಷ್ಟು ದಿನ ಹಿಂಗೇ ಹೋಗಿ ಬಂದಿ ನೀಲಾ," ಅಂದ.

ಡಾಕ್ಟರು ತಮ್ಮ ವರದಿಯನ್ನು ಫ್ಯಾಕ್ಟರಿ ಇಲಾಖೆಗೆ ಕಳಿಸಿದರು. ನೀಲಕ್ಕ ಹೇಳಿದ್ದನ್ನು ವಾಣಿ ದೂರಾಗಿ ಬರೆದುಕೊಟ್ಟರು. ನೀಲಕ್ಕ ಹೆಬ್ಬೆಟ್ಟು ಒತ್ತಲಿಲ್ಲ, ಕಷ್ಟಪಟ್ಟು ಸಹಿಯನ್ನೇ ಮಾಡಿದಳು.

ಒಂದು ಮಧ್ಯಾಹ್ನ ಇನ್ಸ್‌ಪೆಕ್ಟರು ಮಿಲ್ಲಿಗೆ ಬಂದೇಬಿಟ್ಟರು. ಯಾರಿಗೂ ಮೊದಲೇ ಗೊತ್ತಿರಲಿಲ್ಲ. ಆದರೆ ಆಗಿದ್ದೇನು ಅಂದರೆ, ಅವತ್ತು ಬೆಳಿಗ್ಗೆಯಿಂದ ಕರೆಂಟಿಲ್ಲ. ಯಂತ್ರ ನಿಂತಿತ್ತು, ದೂಳು ಕೆಳಗಿಳಿದಿತ್ತು. ಹೆಣ್ಣಾಳುಗಳು ನೆಲ ಗುಡಿಸಿ ಕೂತಿದ್ದರು. ಮಾಲೀಕ ರುದ್ರಮುನಿ ಬಿಳಿ ಪಂಚೆಯಲ್ಲಿ ಬಂದು ನಿಂತರು. "ನೋಡ್ರಿ ಸಾಹೇಬ್ರೆ, ಎಷ್ಟು ನೀಟಾಗಿ ಇಟ್ಟೀವಿ," ಅಂದ ಸೂಪರ್‌ವೈಸರು.

"ನಿಮಗೇನಾದ್ರೂ ತೊಂದರೆ ಐತೇನ್ರಮ್ಮ?" ಅಂತ ಇನ್ಸ್‌ಪೆಕ್ಟರು ಕೇಳಿದರು. ಯಾರೂ ತಲೆ ಎತ್ತಲಿಲ್ಲ. ಓಬವ್ವ ಕೆಮ್ಮನ್ನು ಸೆರಗಿನಲ್ಲಿ ಹಿಡಿದುಕೊಂಡಳು. ಇನ್ಸ್‌ಪೆಕ್ಟರು ಕೈಚೀಲ ಮುಚ್ಚಿ ಬಾಗಿಲ ಕಡೆ ತಿರುಗಿದರು.

ನೀಲಕ್ಕ ಸುಮ್ಮನಿರಬಹುದಿತ್ತು. ಆಕೆಯ ಹೆಸರು ಗುಟ್ಟಾಗಿಯೇ ಇತ್ತು. ಆದರೆ ಇವರು ಹೋದರೆ ಈ ಖೋಲಿಗೆ ಮತ್ತೆ ಯಾರೂ ಬರುವುದಿಲ್ಲ ಅನ್ನಿಸಿತು ಆಕೆಗೆ. ಎದ್ದು ನಿಂತಳು.

"ಸಾಹೇಬ್ರೆ, ಕರೆಂಟ್ ಬರೋತನಕ ಕೂಡ್ರಿ. ಯಂತ್ರ ಓಡಿಸಿ ತೋರ್ಸ್ತೀವಿ. ನಮ್ಮ ಜೋಡಿ ಇಲ್ಲೇ ನಿಂತು ನೋಡ್ರಿ."

ರುದ್ರಮುನಿ ಆಕೆಯನ್ನು ದಿಟ್ಟಿಸಿದರು. "ನಿಲ್ರಿ ಸಾಹೇಬ್ರೆ, ನಾನೂ ನಿಲ್ತೀನಿ. ಇದೇನು ನಿನ್ನೆ ಇವತ್ತು ಕಟ್ಟಿದ ಮಿಲ್ಲೇನು?" ಅಂದರು.

ಕರೆಂಟು ಬಂತು. ಯಂತ್ರ ಓಡಿತು. ನೀಲಕ್ಕ ದಿನದ ಹಾಗೇ ಅರಳೆ ಬಿಡಿಸಿ ಹಾಕುತ್ತಾ ಹೋದಳು. ಸ್ವಲ್ಪ ಹೊತ್ತಿಗೆ ಎದುರಿನ ಗೋಡೆ ಕಾಣದಾಯಿತು. ಇನ್ಸ್‌ಪೆಕ್ಟರು ಮೂಗಿಗೆ ಕರವಸ್ತ್ರ ಹಿಡಿದರು. ಮೊದಲು ಕೆಮ್ಮಿದ್ದು ರುದ್ರಮುನಿಯವರು. ಮೊದಲು ಹೊರಗೆ ಹೋದದ್ದೂ ಅವರೇ.

ಮಾರನೆಯ ದಿನ ಗೇಟಿನಲ್ಲಿ ಕಾವಲುಗಾರ ನೀಲಕ್ಕನನ್ನು ತಡೆದ. "ನಿನಗೆ ಕೆಲಸ ಇಲ್ಲಂತೆ. ಸಾವ್ಕಾರ್ರು ಹೇಳ್ಯಾರೆ."

ನೀಲಕ್ಕನ ಹಿಂದೆ ನಿಂತಿದ್ದ ಓಬವ್ವ ಗೇಟಿನ ಮುಂದೆ ನೆಲದ ಮೇಲೆ ಕೂತಳು. ಆಕೆಯ ಪಕ್ಕ ಇನ್ನೊಬ್ಬಳು ಕೂತಳು, ಆಮೇಲೆ ಆ ಖೋಲಿಯ ಎಲ್ಲರೂ. "ಆಕೆ ಒಳಗೆ ಬಂದ್ರೆ ನಾವೂ ಬರ್ತೀವಿ," ಅಂದಳು ಓಬವ್ವ.

ಸುದ್ದಿ ಕೇಳಿ ಗದ್ದೆಯಲ್ಲಿದ್ದ ಹಾಲೇಶಪ್ಪ ಕಾಲು ತೊಳೆಯದೆ ಬಸ್ಸು ಹತ್ತಿದ. ದಾವಣಗೆರೆಯಲ್ಲಿ ದಾರಿ ಕೇಳುತ್ತಾ ಕೇಳುತ್ತಾ ವಾಣಿಯ ಮನೆ ಹುಡುಕಿದ. "ಬರ್ತೀನಿ ಅಂದಿದ್ರಲ್ಲ," ಅಂದ. ಕೋರ್ಟಿಗೆ ಹೊರಟಿದ್ದ ವಾಣಿ ತಮ್ಮ ಕೇಸನ್ನು ಗೆಳತಿಗೆ ಒಪ್ಪಿಸಿ ಅವನ ಜೊತೆ ಹೊರಟರು.

ವಾಣಿ ನೀಲಕ್ಕನನ್ನು ಕರೆದುಕೊಂಡು ರುದ್ರಮುನಿಯವರ ಕೋಣೆಗೆ ಹೋದರು. ದನಿ ಏರಿಸಲಿಲ್ಲ. ವಿಚಾರಣೆ ಮಾಡದೆ ಯಾರನ್ನೂ ಕೆಲಸದಿಂದ ತೆಗೆಯುವ ಹಾಗಿಲ್ಲ ಅನ್ನುವುದನ್ನು ಬಿಡಿಸಿ ಹೇಳಿದರು.

"ನಮ್ಮಪ್ಪನ ಕಾಲದಿಂದ ಹಿಂಗೇ ನಡೆದೈತಮ್ಮ," ಅಂದರು ರುದ್ರಮುನಿ. "ಹತ್ತಿ ಇದ್ದಲ್ಲಿ ದೂಳು ಇರದೆ ಇರುತ್ತೇನು?"

"ನಿಮ್ಮಪ್ಪನವರ ಕಾಲಕ್ಕೂ ಈ ಕಾಯ್ದೆ ಇತ್ತು ಸರ್. ಕೇಳೋರು ಇರಲಿಲ್ಲ."

ರುದ್ರಮುನಿ ನೀಲಕ್ಕನ ಕಡೆ ತಿರುಗಿದರು. "ನಿನಗೇನು ಬೇಕು? ಮಿಲ್ಲು ಮುಚ್ಚಿಸಬೇಕಾ?"

"ಮುಚ್ಚಿಸಾಕ ಬಂದಿಲ್ರಿ ಸಾವ್ಕಾರ್ರೆ. ಇನ್ನೂ ಇಪ್ಪತ್ತು ವರ್ಷ ಇಲ್ಲೇ ದುಡಿಬೇಕು ಅಂತ ಬಂದೀನಿ. ಅಷ್ಟು ವರ್ಷ ಉಸಿರು ಇರ್ಬೇಕಲ್ರಿ."

ಅವರು ಕಿಟಕಿಯಿಂದ ಗೇಟಿನ ಮುಂದೆ ಕೂತವರನ್ನು ನೋಡಿದರು. ಕಡೆಗೆ ಕಾವಲುಗಾರನನ್ನು ಕೂಗಿ, ಗೇಟು ತೆಗೆ ಅಂದರು.

ಒಂದೇ ದಿನಕ್ಕೆ ಎಲ್ಲ ಸರಿಯಾಯಿತು ಅಂತ ಹೇಳಿದರೆ ಸುಳ್ಳಾಗುತ್ತದೆ. ದೂಳು ಎಳೆಯುವ ಯಂತ್ರ ಹಾಕಿಸಬೇಕು ಅಂತ ಇನ್ಸ್‌ಪೆಕ್ಟರು ಆದೇಶ ಕೊಟ್ಟರು. ರುದ್ರಮುನಿ ಇವತ್ತು ನಾಳೆ ಅಂದರು. ಕೋರ್ಟಿನಲ್ಲಿ ಕೇಸು ಹಾಕುತ್ತೇವೆ ಅಂತ ಇಲಾಖೆಯಿಂದ ನೋಟಿಸು ಬಂತು. ಆಮೇಲೆ ಖೋಲಿಯ ಮೇಲೆ ದೊಡ್ಡ ತಗಡಿನ ಕೊಳವೆಗಳು ಬಂದವು. ಕೆಲಸಗಾರರೆಲ್ಲ ಡಾಕ್ಟರ ಮುಂದೆ ಊದಿ ಪರೀಕ್ಷೆ ಮಾಡಿಸಿಕೊಂಡರು. ಡಾಕ್ಟರು ಹೇಳಿದ ಮೇಲೆ ನೀಲಕ್ಕನನ್ನು ದೂಳಿಲ್ಲದ ಕಡೆ, ನೂಲು ಸುತ್ತುವ ಕೆಲಸಕ್ಕೆ ಹಾಕಿದರು. ಈಗ ಆಕೆ ಸೋಮವಾರವೂ ಓಡಿ ಹೋಗಿ ಬಸ್ಸು ಹತ್ತುತ್ತಾಳೆ.

ಓಬವ್ವನಿಗೆ ಮಾತ್ರ ತಡವಾಗಿತ್ತು. ಇದು ಕೆಲಸದಿಂದಲೇ ಬಂದ ಕಾಯಿಲೆ ಅಂತ ಇ.ಎಸ್.ಐ. ಡಾಕ್ಟರುಗಳ ಮಂಡಳಿ ಒಪ್ಪಿತು. ವಾಣಿ ಬೆನ್ನು ಹತ್ತಿ, ತಿಂಗಳು ತಿಂಗಳು ಪರಿಹಾರ ಬರುವ ಹಾಗೆ ಮಾಡಿಸಿದರು. ಔಷಧಿಯೂ ಸಿಗುತ್ತದೆ. ಆದರೆ ಹೋದ ಉಸಿರು ತಿರುಗಿ ಬರಲಿಲ್ಲ. ನೋಡಲು ಹೋದವರಿಗೆಲ್ಲ ಆಕೆ ಒಂದೇ ಮಾತು ಹೇಳುತ್ತಾಳೆ: "ನನಗೆ ಯಾರೂ ಹೇಳಿರಲಿಲ್ಲ. ನೀವು ನಾಲ್ಕು ಜನಕ್ಕೆ ಹೇಳ್ರಿ."

ಅಕ್ಕ ತಂಗಿಯರೆ, ಅಣ್ಣ ತಮ್ಮಂದಿರೆ, ಆ ಮಾತು ಹೇಳಲೆಂದೇ ಈ ಕಥೆ ನಿಮ್ಮ ಕೈಗೆ ಕೊಟ್ಟಿದ್ದೇವೆ. ನೀವು ದುಡಿಯುವ ಜಾಗ ಹತ್ತಿಯದಿರಲಿ, ಕಲ್ಲಿನದಿರಲಿ, ಬೆಂಕಿ ಹೊಗೆಯದಿರಲಿ, ಅಲ್ಲಿ ನಿಮ್ಮ ಆರೋಗ್ಯ ಕಾಯುವುದು ಯಾರೋ ಮಾಡುವ ಉಪಕಾರವಲ್ಲ. ಕೆಮ್ಮು ಬಂದರೆ ಮುಚ್ಚಿಡಬೇಡಿ. ಏನು ಕೆಲಸ ಮಾಡುತ್ತೀರಿ, ಯಾವ ದಿನ ಹೆಚ್ಚಾಗುತ್ತದೆ ಅನ್ನುವುದನ್ನು ಡಾಕ್ಟರಿಗೆ ಬಿಡಿಸಿ ಹೇಳಿ. ಕಾನೂನು ನೆರವು ಬೇಕಾದರೆ ಕೋರ್ಟಿಗೆ ಹೋಗಿ ಕೇಳಿ, ಹೆಣ್ಣುಮಕ್ಕಳಿಗೂ ಕಾರ್ಖಾನೆ ಕಾರ್ಮಿಕರಿಗೂ ಅಲ್ಲಿ ವಕೀಲರು ಪುಕ್ಕಟೆ ಸಿಗುತ್ತಾರೆ. ಪಕ್ಕದಲ್ಲಿ ದುಡಿಯುವವಳು ಎದೆ ಹಿಡಿದುಕೊಂಡರೆ ನಾಟಕ ಅನ್ನಬೇಡಿ. ಆಕೆಯ ಕೈ ಹಿಡಿದು ಕರೆದುಕೊಂಡು ಹೋಗಿ, ಇವತ್ತೇ.