ಚಿಲಕ ಮಾಯವಾದದ್ದು

ಬೀಗ ರಿಪೇರಿಯವನ ಮಗಳಿಗೆ ಮನೆಯಲ್ಲಿ ಚಿಲಕ ಎಂದು ಹೆಸರು. ಬಾಯಿ ಮುಚ್ಚಿದಳೆಂದರೆ ಯಾರು ಎಷ್ಟು ತಟ್ಟಿದರೂ ತೆಗೆಯುತ್ತಿರಲಿಲ್ಲ. ಈಗ ಮೂರನೇ ತರಗತಿ. ಶಾಲೆಯ ಪ್ರತಿಭಾ ಪ್ರದರ್ಶನಕ್ಕೆ ಹೆಸರು ಕೊಡಲು ಹೋದಾಗ ಕ್ಲಾಸ್ ಮಿಸ್, "ಡ್ಯಾನ್ಸ್ ಒಂದು ಬಿಟ್ಟು ಏನು ಬೇಕಾದ್ರೂ ಮಾಡಮ್ಮ" ಎಂದರು. ಡ್ಯಾನ್ಸುಗಳು ಆಗಲೇ ತುಂಬಿ ತುಳುಕುತ್ತಿದ್ದವು. ಪ್ರಾಣಿಗಳ ಕೂಗನ್ನು ಒಬ್ಬ ಹಿಡಿದಿದ್ದ. ನಾಲಿಗೆಯಿಂದ ಮೂಗು ಮುಟ್ಟುವುದು ಇನ್ನೊಬ್ಬನ ಪಾಲಾಗಿತ್ತು. ಅದನ್ನು ಅವನು ಸಂಗೀತದೊಂದಿಗೆ ಮಾಡುವವನಿದ್ದ.

"ನಾನು ಪೆಟ್ಟಿಗೆಯಿಂದ ಹೊರಗೆ ಬರ್ತೀನಿ" ಎಂದಳು ಚಿಲಕ.

ಮಿಸ್ ಹಾಗೆಯೇ ಬರೆದುಕೊಂಡರು.

ಉಪಾಯ ಪೂರ್ತಿ ಅವಳದೇ. ಮರದ ಪೆಟ್ಟಿಗೆ, ಮುಂದೆ ನಿಜವಾದ ಬೀಗ. ಹಿಂದೆ ಮುಚ್ಚಳದ ಕೀಲುಗಳು ಒಳಮುಖವಾಗಿ, ಅವುಗಳ ಕಡ್ಡಿಗಳು ಬೆರಳಲ್ಲಿ ಎಳೆದರೆ ಬರುವಷ್ಟು ಸಡಿಲ. ಒಳಗೆ ಕೂತು ಕಡ್ಡಿ ಎಳೆದುಕೊಂಡರೆ ಮುಚ್ಚಳ ಹಿಂದಿನಿಂದ ಏಳುತ್ತದೆ. ಮೇಲೆ ಹೊದಿಸಿದ ಬೆಡ್‌ಶೀಟ್ ಸರಿಸುವಷ್ಟರಲ್ಲಿ ಅವಳು ಪೆಟ್ಟಿಗೆಯ ಮೇಲೆ ನಿಂತಿರಬೇಕು, ಬೀಗ ಹಾಕಿದ್ದು ಹಾಕಿದ ಹಾಗೇ ಇರಬೇಕು.

ಬೇಕೆಂದೇ ಸಡಿಲ ಕೀಲು ಕೂರಿಸುವುದು ಅಪ್ಪನ ಜೀವಮಾನದಲ್ಲಿ ಇದೇ ಮೊದಲು. ಹಲ್ಲು ಕಚ್ಚಿಕೊಂಡು ಮಾಡಿದ. ಗಾಳಿಗೆಂದು ಸುತ್ತಲೂ ತೂತು ಕೊರೆದ.

"ಅಪ್ಪ, ಈ ಸಲ ನೀನು ಕುರ್ಚಿ ಬಿಟ್ಟು ಏಳಕೂಡದು" ಎಂದಳು ಚಿಲಕ.

"ನಾನ್ಯಾಕೆ ಏಳ್ತೀನಿ?"

"ಹೋದ ವರ್ಷ ಎದ್ದಿದ್ದೆ."

ಹೋದ ವರ್ಷ ವಿಜ್ಞಾನ ಮೇಳದಲ್ಲಿ ಅವಳದು ತನ್ನಷ್ಟಕ್ಕೆ ಮುಚ್ಚಿಕೊಳ್ಳುವ ಗೇಟು. ಮಾಡಿದ್ದು ಅವನು. ತೀರ್ಪುಗಾರರ ಪ್ರಶ್ನೆಗಳಿಗೆ ಹಿಂದಿನಿಂದ ಎದ್ದು ಬಂದು ಉತ್ತರಿಸಿದ್ದೂ ಅವನೇ. ಅವರು ಯೋಚಿಸದೆ ಬಹುಮಾನವನ್ನು ಅವನ ಕೈಗೆ ಕೊಟ್ಟಿದ್ದರು. ಅವನೂ ಯೋಚಿಸದೆ ತೆಗೆದುಕೊಂಡಿದ್ದ. ಚಿಲಕ ಆಮೇಲೆ ಒಂದು ವಾರ ಅವನ ಜೊತೆ ಮಾತು ಬಿಟ್ಟಿದ್ದಳು.

"ಏನೇ ಆದ್ರೂ ಏಳಬಾರ್ದು. ಬೆಂಕಿ ಬಿದ್ರೂ."

"ಬೆಂಕಿ ಬಿದ್ರೂ ಕೂತಿರಬೇಕಾ? ನಿಮ್ಮಮ್ಮನ್ನ ಕೇಳು."

"ಬೆಂಕಿಗೆ ಏಳಿ" ಎಂದಳು ಅಮ್ಮ ತಲೆ ಎತ್ತದೆ. "ಬೇರೆ ಯಾವುದಕ್ಕೂ ಬೇಡ."

ಪ್ರದರ್ಶನದ ದಿನ ಪೆಟ್ಟಿಗೆ ವೇದಿಕೆಯ ಪಕ್ಕದ ಕೋಣೆಯಲ್ಲಿ ಬಾಯಿ ತೆರೆದುಕೊಂಡು ಕೂತಿತ್ತು. ಪಿ.ಟಿ. ಮಾಸ್ತರು ಅಪ್ಪನನ್ನು ಹಿಡಿದುಕೊಂಡರು. ಅವರ ಸೈಕಲ್ಲಿನ ಬೀಗದಲ್ಲಿ ಕೀ ತಿರುಗುತ್ತದೆ, ಬೀಗ ತೆರೆಯುವುದಿಲ್ಲ.

"ಎಣ್ಣೆ ಹಾಕಿದ್ರಾ?"

"ಹಾಕಿದೆ."

"ಅದೇ ತಪ್ಪು ಸಾರ್. ಎಣ್ಣೆಗೆ ಧೂಳು ಅಂಟುತ್ತೆ. ಪೆನ್ಸಿಲ್ ಸೀಸದ ಪುಡಿ ಹಾಕ್ಬೇಕು."

ಮಾತಾಡುತ್ತಿದ್ದ ಹಾಗೆ ಅವನ ಕಣ್ಣು ಪೆಟ್ಟಿಗೆಯೊಳಗೆ ಬಿತ್ತು. ಎರಡು ಕೀಲು, ಎರಡರ ಕಡ್ಡಿಯೂ ಹೊರಗೆ ಇಣುಕುತ್ತಿದೆ. ಕೈ ಚೀಲಕ್ಕೆ ಹೋಯಿತು, ಪುಟ್ಟ ಸುತ್ತಿಗೆ ಹೊರಗೆ ಬಂತು, ಟಕ್ ಟಕ್, ಮತ್ತೆ ಟಕ್ ಟಕ್. ಪೆನ್ಸಿಲ್ಲಿನ ವಿಷಯ ಮುಗಿಯುವಷ್ಟರಲ್ಲಿ ಕಡ್ಡಿಗಳು ಜಪ್ಪಯ್ಯ ಅಂದರೂ ಬರದ ಹಾಗೆ ಒಳಗೆ ಕೂತಿದ್ದವು. ತಾನು ಹೀಗೆ ಮಾಡಿದ್ದು ಅವನಿಗೆ ಗೊತ್ತೇ ಆಗಲಿಲ್ಲ. ದಾರಿಯಲ್ಲಿ ಹೋಗುವಾಗ ಕಂಡಕಂಡವರ ಗೇಟಿಗೂ ಹೀಗೇ ಹೊಡೆದು ಹೋಗುವ ಮನುಷ್ಯ.

ಸಭಾಂಗಣದಲ್ಲಿ ಹೆಂಡತಿಯ ಪಕ್ಕ ಬಂದು ಕುಳಿತ. ಮುಂದಿನ ಸಾಲಿನಲ್ಲಿ ಅವರ ಬೀದಿಯ ಔಷಧಿ ಅಂಗಡಿಯವನು ಕೂತಿದ್ದ. ಡ್ಯಾನ್ಸುಗಳಲ್ಲಿ ಒಂದು ಅವನ ಮಗನದು.

ಚಿಲಕ ಪೆಟ್ಟಿಗೆಯೊಳಗೆ ಇಳಿದಳು. ಅವಳ ಗೆಳತಿ, ಇಡೀ ತರಗತಿ ಮಾತಿನಮಲ್ಲಿ ಎಂದು ಕರೆಯುವ ಹುಡುಗಿ, ಮುಚ್ಚಳ ಹಾಕಿ ಬೀಗ ಒತ್ತಿ, ಬೆಡ್‌ಶೀಟ್ ಹೊದಿಸಿ, ಹತ್ತರವರೆಗೆ ಎಣಿಸಿ, ಎಳೆದಳು.

ಪೆಟ್ಟಿಗೆ ಇತ್ತು. ಬೀಗ ಇತ್ತು. ಮೇಲೆ ಯಾರೂ ಇರಲಿಲ್ಲ.

ಮಾತಿನಮಲ್ಲಿಗೆ ಮೊದಲ ಬಾರಿ ಮಾತು ಹೊರಡಲಿಲ್ಲ. ಅಪ್ಪ ತನ್ನ ಬಲಗೈಯನ್ನು ನೋಡಿಕೊಂಡ.

"ಹೊಡೆದುಬಿಟ್ಟೆ ಕಣೇ."

"ಯಾರನ್ನ?"

"ಕಡ್ಡೀನ."

ಅವನ ಸೊಂಟ ಕುರ್ಚಿಯಿಂದ ಒಂದು ಗೇಣು ಮೇಲೆದ್ದಿತು. ಅಷ್ಟರಲ್ಲಿ ಹಿಂದಿನ ಸಾಲಿನವರು ಯಾರೋ "ಅಯ್ಯೋ, ಹುಡುಗಿ ಮಾಯ!" ಎಂದರು. ಚಪ್ಪಾಳೆ ಶುರುವಾಯಿತು. ಕೆಲವರು ಬಗ್ಗಿ ತಮ್ಮ ಕುರ್ಚಿಯ ಕೆಳಗೆ ನೋಡಿದರು.

ಅವನು ಹಾಗೇ ಅರ್ಧ ಎದ್ದು ಕಿವಿಗೊಟ್ಟ. ಅವಳು ಒಳಗಿನಿಂದ ಒಮ್ಮೆ ತಟ್ಟಿದರೆ ಸಾಕಿತ್ತು, ವೇದಿಕೆಗೆ ಹಾರಿಬಿಡುತ್ತಿದ್ದ. ಪೆಟ್ಟಿಗೆ ತಟ್ಟಲಿಲ್ಲ. ಕೆಮ್ಮಲಿಲ್ಲ. ಚಪ್ಪಾಳೆಯನ್ನು ಅವಳೂ ಕೇಳಿಸಿಕೊಳ್ಳುತ್ತಿದ್ದಾಳೆ ಎಂದು ಅವನಿಗೆ ಹೊಳೆಯಿತು.

"ಹೋಗ್ರೀ" ಎಂದಳು ಹೆಂಡತಿ.

"ಬೆಂಕಿ ಬಿದ್ದಿಲ್ಲ" ಎಂದು ಅವನು ಕುಳಿತ.

ಮುಖ್ಯೋಪಾಧ್ಯಾಯಿನಿ ಮೈಕಿಗೆ ಬಂದರು. "ತುಂಬ ಚೆನ್ನಾಗಿತ್ತು. ಈಗ ಮಗು ಎಲ್ಲಿದ್ದರೂ ಬರಬೇಕು." ಯಾರೂ ಬರಲಿಲ್ಲ. "ಎಲ್ಲಿದ್ದರೂ ದಯವಿಟ್ಟು ಬರಬೇಕು" ಎಂದು ಸ್ವಲ್ಪ ಸಣ್ಣ ದನಿಯಲ್ಲಿ ಹೇಳಿ ಮುಂದಿನ ಡ್ಯಾನ್ಸನ್ನು ಕರೆದರು. ಪಿ.ಟಿ. ಮಾಸ್ತರು ಮತ್ತು ಜವಾನ ಪೆಟ್ಟಿಗೆ ಎತ್ತಿದರು.

"ಖಾಲಿ ಪೆಟ್ಟಿಗೆ ಇಷ್ಟೊಂದು ಭಾರಾನಾ?"

"ಬೀಗದಂಗಡಿಯವರದು ಸಾರ್, ಕಬ್ಬಿಣ ಜಾಸ್ತಿ" ಎಂದಳು ಮಾತಿನಮಲ್ಲಿ. ಮಾತು ವಾಪಸು ಬಂದಿತ್ತು.

ಡ್ಯಾನ್ಸಿನ ನಡುವೆ ಅವಳು ಬಗ್ಗಿಕೊಂಡು ಸಾಲುಗಳ ಮಧ್ಯೆ ನುಸುಳಿ ಬಂದು ಕೈ ಚಾಚಿದಳು. "ಅಂಕಲ್, ಕೀ ಕೊಡಬೇಕಂತೆ."

"ಉಸಿರು ಗಿಸಿರು ಸರಿ ಇದ್ಯಾ? ನಾನೇ ಬರ್ತೀನಿ."

"ಬರಬೇಡಿ ಅಂದ್ಳು. ಎರಡು ಸಲ ಅಂದ್ಳು."

ಅವನು ಜೇಬಿನಿಂದ ತೆಗೆದು ಕೊಟ್ಟ. ಕೊಡುವಾಗ ಕೀ ಬೆರಳಿಗೆ ಅಂಟಿಕೊಂಡಂತಿತ್ತು.

ಡ್ಯಾನ್ಸ್ ಮುಗಿದಾಗ ಸಭಾಂಗಣದ ಹಿಂಬಾಗಿಲು ತೆರೆಯಿತು. ಚಿಲಕ ಹೊರಗಿನಿಂದ ನಡೆದು ಬಂದಳು. ಮಂಡಿಗೆ ಧೂಳು, ಕೂದಲಲ್ಲಿ ಮರದ ಹೊಟ್ಟು. ಎಲ್ಲರ ಕತ್ತುಗಳೂ ಒಟ್ಟಿಗೆ ತಿರುಗಿದವು. ಇಷ್ಟು ಹೊತ್ತು ಮಾಯವಾಗಿರುವುದನ್ನು ಆ ಶಾಲೆಯಲ್ಲಿ ಯಾರೂ ನೋಡಿರಲಿಲ್ಲ. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಅಪ್ಪ ಒಬ್ಬ ಮಾತ್ರ ಕೂತೇ ಹೊಡೆದ. ಪಕ್ಕದವರು ಇದೆಂಥ ತಂದೆ ಎಂಬಂತೆ ನೋಡಿದರು.

ಅವಳು ಬಂದು ಅಪ್ಪ ಅಮ್ಮನ ನಡುವೆ ತುರುಕಿಕೊಂಡು ಕೂತಳು.

"ಅಪ್ಪ, ಕಡ್ಡಿ ಬರ್ಲೇ ಇಲ್ಲ. ಮನೇಲಿ ಬರ್ತಿತ್ತು. ಯಾಕೆ?"

ಹೆಂಡತಿ ಅವನನ್ನು ನೋಡಿದಳು. ಅವನು ಬಾಯಿ ತೆರೆದ. ಹೊಡೆದವನು ನಾನು ಎಂದರೆ ಈ ಚಪ್ಪಾಳೆಯೂ ಹೋದ ವರ್ಷದ ಬಹುಮಾನದ ಹಾಗೆ ಅವನ ಕೈಗೇ ಬಂದು ಬೀಳುತ್ತದೆ.

"ಮಾಲು ಸರಿಯಿಲ್ಲ ಮಗಳೇ. ನಮ್ಮಂಗಡಿ ಕೀಲು ಕಳಪೆ."

"ಹೋಗ್ಲಿ ಬಿಡಪ್ಪ" ಎಂದು ಅವಳು ಅವನ ತೋಳು ತಟ್ಟಿದಳು. "ನಾನು ಹೇಗೋ ಸುಧಾರಿಸ್ಕೊಂಡೆ."

ಔಷಧಿ ಅಂಗಡಿಯವನು ನಿಧಾನವಾಗಿ ಹಿಂದಕ್ಕೆ ತಿರುಗಿದ. ಹೋದ ತಿಂಗಳಷ್ಟೇ ತನ್ನ ಅಂಗಡಿಯ ಬಾಗಿಲುಗಳಿಗೆಲ್ಲ ಅಪ್ಪನ ಕೈಯಲ್ಲೇ ಹೊಸ ಕೀಲು ಹಾಕಿಸಿಕೊಂಡಿದ್ದ.

"ಕಳಪೆ ಅಂದ್ರಾ?"

ಚಿಲಕ ಅಪ್ಪನ ಮುಖವನ್ನೇ ನೋಡುತ್ತಿದ್ದಳು.

"ಹೂಂ" ಎಂದ ಅಪ್ಪ. "ಪೂರ್ತಿ ಕಳಪೆ."