ಎರಡು ಬೆರಳು ಅಂಚು

ಚಳಿ ಆಗಷ್ಟೇ ಶುರುವಾಗಿತ್ತು. ಬೆಳಗಿನ ಹತ್ತು ಗಂಟೆಯ ಬಿಸಿಲು ಬೈಂಡಿಂಗ್ ಅಂಗಡಿಯ ಹೊಸ್ತಿಲು ದಾಟಿ ಗೋಂದಿನ ಡಬ್ಬಿಯ ತನಕ ಬಂದಿತ್ತು. ಅಷ್ಟು ಹೊತ್ತಿಗೆ ಶಾಲೆಯ ಇಂಗ್ಲಿಷ್ ಮೇಡಂ ಒಳಗೆ ಬಂದರು. ಅಂಗಡಿಯಲ್ಲಿ ಇದ್ದದ್ದು ಮೂರೇ ಸ್ಟೂಲು. ಒಂದರ ಮೇಲೆ ಅಜ್ಜ, ಒಂದರ ಮೇಲೆ ಅಜ್ಜನ ತಂಗಿ, ಮೂರನೆಯದರ ಮೇಲೆ, ನೆಲಕ್ಕೆ ಕೂತ ಮೊಮ್ಮಗಳ ಪ್ಲಾಸ್ಟರ್ ಹಾಕಿದ ಕಾಲು. ಅಜ್ಜ ಗಡಬಡಿಸಿ ಎದ್ದು ತನ್ನ ಸ್ಟೂಲನ್ನು ಅಂಗೈಯಲ್ಲೇ ಒರೆಸಿ ಮುಂದಿಟ್ಟ. ಅದರ ಮೇಲೆ ಐವತ್ತು ವರ್ಷದ ಗೋಂದು ಪದರ ಪದರವಾಗಿ ಕೂತಿತ್ತು. ಮೇಡಂ ಒಮ್ಮೆ ನೋಡಿ, ‘ಪರವಾಗಿಲ್ಲ, ನಿಂತೇ ಇರ್ತೀನಿ’ ಅಂದರು.

ಹುಡುಗಿ ಏಳನೇ ಕ್ಲಾಸು. ಶಾಲೆಯ ಹಾಜರಿಯಲ್ಲಿ ಹೆಸರು ಏನೇ ಇರಲಿ, ಮನೆಯವರಿಗೆಲ್ಲ ಅವಳು ಪಿಟೀಲು. ಚಿಕ್ಕವಳಿದ್ದಾಗ ಏನಾದರೂ ಬೇಕು ಅಂದರೆ ಕೈಗೆ ಸಿಗುವ ತನಕ ಒಂದೇ ರಾಗ ಕುಯ್ಯುತ್ತಿದ್ದಳು. ಶಾಲೆಯ ಮೆಟ್ಟಿಲನ್ನು ನಾಲ್ಕು ನಾಲ್ಕಾಗಿ ಹಾರಿ ಇಳಿಯುವ ಪಂಥ ಕಟ್ಟಿ, ಐದನೆಯ ನೆಗೆತಕ್ಕೆ ಮೊಣಕಾಲ ಕೆಳಗಿನ ಎಲುಬು ಮುರಿದುಕೊಂಡಿದ್ದಳು. ಕ್ಲಾಸು ಇರುವುದು ಮೂರನೇ ಮಹಡಿಯಲ್ಲಿ. ಮೂರು ತಿಂಗಳು ಮೆಟ್ಟಿಲ ಹತ್ತಿರ ಸುಳಿಯಬೇಡ ಅಂದಿದ್ದರು ಡಾಕ್ಟರು.

‘ಮಿಕ್ಕ ವಿಷಯ ಹೇಗೋ ಆಗುತ್ತೆ,’ ಅಂದರು ಮೇಡಂ. ‘ಇಂಗ್ಲಿಷ್‌ದೇ ಚಿಂತೆ. ಅದರಲ್ಲಿ ಇವಳು ಮೊದಲಿಂದಲೂ ಕುಂಟ್ತಾ ಇದ್ದಳು.’

‘ಈಗ ಜೋಡಿ ಆಯ್ತು ಬಿಡಿ ಮೇಡಂ,’ ಅಂದಳು ಪಿಟೀಲು, ಕಾಲು ತೋರಿಸಿ.

ಮೇಡಂ ನಗು ತಡೆದುಕೊಂಡು ಲೆಕ್ಕ ಹೇಳಿದರು. ವಾರಕ್ಕೊಂದು ಪಾಠ, ಪಾಠಕ್ಕೊಂದು ಬರಹ. ಹನ್ನೆರಡು ವಾರ, ಹನ್ನೆರಡು ಬರಹ. ಕೊನೆಯ ಶನಿವಾರ ಅವರೇ ಬಂದು ನೋಡುತ್ತಾರೆ. ‘ಇವಳೇ ಬರೆದದ್ದು ಅಂತ ನನಗೆ ಖಾತ್ರಿಯಾಗ್ಬೇಕು. ಮನೇಲಿ ಕೂತು ಓದೋರಿಗೆ ಅವರಿವರು ಬರೆದುಕೊಟ್ಟಿದ್ದು ನಾನು ಬೇಕಾದಷ್ಟು ನೋಡಿದೀನಿ.’

‘ಬರೆದುಕೊಡೋಕೆ ಇಲ್ಲಿ ಯಾರಿದ್ದಾರೆ ತಾಯಿ?’ ಅಂದಳು ಅಜ್ಜನ ತಂಗಿ. ಪುಸ್ತಕಗಳಿಗೆ ಹೊಲಿಗೆ ಹಾಕುವುದು ಅವಳ ಕೆಲಸ. ಕೈಯ ಸೂಜಿಗಿಂತ ನಾಲಿಗೆ ಚೂಪು. ಹಾಗಾಗಿ ಸೂಜಿ ಅಜ್ಜಿ. ‘ಇಂಗ್ಲಿಷ್ ಪುಸ್ತಕ ತಲೆಕೆಳಗಾಗಿದೆಯೋ ನೆಟ್ಟಗಿದೆಯೋ ಅಂತ ನಮ್ಮಣ್ಣನಿಗೆ ಗೊತ್ತಾಗೋದೇ ಪುಟದ ನಂಬರ್ ನೋಡಿ.’

‘ಖಾತ್ರಿಯಾಗದಿದ್ರೆ?’ ಅಜ್ಜ ಮೆಲ್ಲಗೆ ಕೇಳಿದ.

‘ಮುಂದಿನ ವರ್ಷವೂ ಏಳನೇ ಕ್ಲಾಸೇ. ನನ್ನ ಕೈಲಿಲ್ಲ ಅದು.’

ಮೇಡಂ ಹೋದರು. ಅಜ್ಜ ಮತ್ತೆ ಹಾಳೆ ಮಡಿಸಲು ಕೂತ. ಕೈ ಓಡಲಿಲ್ಲ. ಅವನೂ ಒಂದು ಕಾಲದಲ್ಲಿ ಮೂರನೇ ಕ್ಲಾಸಿನ ಹುಡುಗ. ಎರಡು ತಿಂಗಳು ಜ್ವರ ಬಂದು ಮಲಗಿದ್ದ. ಎದ್ದು ಹೋದಾಗ ಅವನನ್ನು ಚಿಕ್ಕವರ ಸಾಲಿನಲ್ಲಿ ಕೂರಿಸಿದರು. ಆ ಬೆಂಚು ಎಷ್ಟು ಕುಳ್ಳಗಿತ್ತೆಂದರೆ ಮೊಣಕಾಲು ಗದ್ದಕ್ಕೆ ತಾಗುತ್ತಿತ್ತು. ಪಕ್ಕದ ಸಾಲಿನಲ್ಲಿ ನಿನ್ನೆ ಮೊನ್ನೆಯ ಗೆಳೆಯರು ಬೇರೆ ಪುಸ್ತಕ ಓದುತ್ತಿದ್ದರು. ನಾಲ್ಕು ದಿನ ಹೋದ. ಐದನೆಯ ದಿನ ಬೈಂಡಿಂಗ್ ಅಂಗಡಿಯಲ್ಲಿ ಗೋಂದು ಕಲಸಲು ನಿಂತವನು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಇದನ್ನು ಯಾರ ಹತ್ತಿರವೂ ಹೇಳಿದವನಲ್ಲ. ಆದರೆ ತಂಗಿಗೆ ಗೊತ್ತಿತ್ತು. ಅವಳು ಆವತ್ತು ಕುಟುಕು ಮಾತು ಬಿಟ್ಟು ಸೂಜಿಗೆ ದಾರ ಪೋಣಿಸಿದಳು.

ಮೊದಲ ವಾರ ಇಂಗ್ಲಿಷ್ ಪುಸ್ತಕ ಪಿಟೀಲಿನ ತಲೆದಿಂಬಿನ ಪಕ್ಕ ಇಟ್ಟಲ್ಲೇ ಇತ್ತು. ಕೇಳಿದರೆ, ‘ದಪ್ಪ ನೋಡಿದ್ರೇ ನಿದ್ದೆ ಬರುತ್ತೆ ಅಜ್ಜ’ ಅಂದಳು. ಅಜ್ಜ ಪುಸ್ತಕವನ್ನು ಕೈಗೆ ತೆಗೆದುಕೊಂಡ, ಬೆನ್ನು ಸವರಿ ನೋಡಿದ, ಚಾಕು ತಂದು ಸರಕ್ಕನೆ ರಟ್ಟು ಬಿಡಿಸಿದ. ಹೊಲಿಗೆಯ ದಾರ ಒಂದೊಂದಾಗಿ ಕೊಯ್ದ.

‘ಅಯ್ಯಯ್ಯೋ, ಶಾಲೆ ಪುಸ್ತಕ ಅಜ್ಜ!’

‘ಆಗಿದ್ರೆ ಆಯ್ತು. ಬಿಚ್ಚಿದವರಿಗೆ ಹೊಲಿಯೋಕೂ ಗೊತ್ತು.’ ಹದಿನಾರು ಪುಟದ ಒಂದು ಕಟ್ಟನ್ನು, ಬೈಂಡಿಂಗ್‌ನವರು ಫಾರಂ ಅನ್ನುತ್ತಾರಲ್ಲ ಅದನ್ನು, ಅವಳ ಮಡಿಲಿಗೆ ಹಾಕಿದ. ಅದು ಮಗ್ಗಿ ಪುಸ್ತಕದಷ್ಟು ತೆಳ್ಳಗಿತ್ತು. ‘ಇಷ್ಟೇ ಪುಸ್ತಕ. ಇದು ಮುಗಿದ ಮೇಲೆ ಇನ್ನೊಂದು ಕೊಡ್ತೀನಿ. ಉಳಿದದ್ದು ನನ್ನ ಕಪಾಟಿನಲ್ಲಿ ಬೀಗ ಹಾಕಿಟ್ಟಿರ್ತೀನಿ. ಕೇಳಿದ್ರೂ ಕೊಡಲ್ಲ.’

ಕೊಡಲ್ಲ ಅಂದಿದ್ದೇ ತಡ, ಪಿಟೀಲಿಗೆ ಅದೇ ಬೇಕಾಯಿತು.

ಬೆಳಗ್ಗೆ ಐದೂವರೆಗೇ ಅವಳ ಅಪ್ಪ ಅಮ್ಮ ಕೆಲಸಕ್ಕೆ ಹೊರಟುಬಿಡುತ್ತಿದ್ದರು. ಅಪ್ಪ ಬಸ್ ಡ್ರೈವರು. ಅಮ್ಮ, ಅಂದರೆ ಅಜ್ಜನ ಮಗಳು, ಅದೇ ಬಸ್ಸಿನ ಕಂಡಕ್ಟರು. ಸಂಜೆಯ ತನಕ ಹುಡುಗಿಗೆ ಇದ್ದದ್ದು ಇಬ್ಬರು ಮುದುಕರು. ಅವರು ಹಾಳೆ ಮಡಿಸುತ್ತಾ, ಹೊಲಿಯುತ್ತಾ ಕೂರುವರು. ಇವಳು ಗಟ್ಟಿಯಾಗಿ ಇಂಗ್ಲಿಷ್ ಓದಿ, ಕನ್ನಡದಲ್ಲಿ ಬಿಡಿಸಿ ಹೇಳಬೇಕು. ಹೇಳದೆ ಮುಂದಕ್ಕೆ ಹೋಗುವ ಹಾಗಿಲ್ಲ. ಇಬ್ಬರ ಪ್ರಶ್ನೆಗಳೋ, ಪೊಲೀಸಿನವರೂ ಹಾಗೆ ಕೇಳಲಿಕ್ಕಿಲ್ಲ.

ಒಂದು ಪಾಠದಲ್ಲಿ ಸಮುದ್ರದ ನಡುವೆ ಬಂಡೆಯ ಮೇಲೆ ದೀಪ ಕಾಯುವ ಒಬ್ಬ ಮುದುಕ ಇದ್ದ.

‘ದೀಪಕ್ಕೆ ಎಣ್ಣೆ ಯಾರು ತಂದುಕೊಡ್ತಾರೆ?’ ಅಜ್ಜ ಕೇಳಿದ.

‘ಅದೆಲ್ಲ ಬರೆದಿಲ್ಲ ಅಜ್ಜ.’

‘ಬರೆದಿರ್ತಾರೆ. ನೀನು ಹಾರಿಸಿದೀಯ. ಮೆಟ್ಟಿಲ ಹಾಗೆ ನಾಲ್ಕು ನಾಲ್ಕು ಸಾಲು ಹಾರೋದು ನಿಂಗೆ ಅಭ್ಯಾಸ.’

ಪಿಟೀಲು ಮುಖ ಊದಿಸಿಕೊಂಡು ಹಿಂದಕ್ಕೆ ಹೋಗಿ ಹುಡುಕಿದಳು. ಇತ್ತು. ಹದಿನೈದು ದಿನಕ್ಕೊಮ್ಮೆ ದೋಣಿ ಬರುತ್ತದೆ ಅಂತ ಒಂದೇ ಸಾಲು, ಮೂಲೆಯಲ್ಲಿ.

‘ಹದಿನೈದು ದಿನ ಒಬ್ಬನೇ? ಜಗಳ ಆಡೋಕಾದ್ರೂ ಒಬ್ಬರು ಬೇಡ್ವಾ?’ ಅಂದಳು ಸೂಜಿ ಅಜ್ಜಿ. ಆ ವಾರದ ಬರಹದಲ್ಲಿ ದೀಪ ಕಾಯುವವನಿಗೆ ಒಬ್ಬ ತಂಗಿ ಬಂದಳು. ಬಂದ ದಿನದಿಂದ ದೀಪಕ್ಕಿಂತ ಹೆಚ್ಚು ಅವಳೇ ಉರಿಯುತ್ತಿದ್ದಳು.

ಮೊದಲ ಬರಹ ಐದು ಸಾಲಿತ್ತು, ಅದೂ ಅಳುತ್ತಾ ಬರೆದದ್ದು. ಆರನೆಯದು ಒಂದು ಹಾಳೆ. ಒಂಬತ್ತನೆಯದಕ್ಕೆ ಎರಡು ಹಾಳೆ ಸಾಲದೆ ಮೂರನೆಯದು ಕೇಳಿದಳು. ಬರೆಯುತ್ತಿದ್ದದ್ದು ಅಂಗಡಿಯಲ್ಲಿ ಉಳಿದ ಬಿಡಿ ಹಾಳೆಗಳ ಮೇಲೆ. ಒಂದು ಅಗಲ, ಒಂದು ಕಿರಿದು, ಬರೆದದ್ದು ಒಂದೇ ಮಗ್ಗುಲಿಗೆ. ಇನ್ನೊಂದು ಮಾತು ಇಲ್ಲೇ ಹೇಳಿಬಿಡಬೇಕು. ಪಿಟೀಲು ಅಕ್ಷರ ತಿದ್ದಿದ್ದೇ ಅಜ್ಜನ ಕಟಿಂಗ್ ಮಷೀನಿನಿಂದ ಬಿದ್ದ ಕಾಗದದ ಪಟ್ಟಿಗಳ ಮೇಲೆ. ಬೆರಳಗಲದ ಪಟ್ಟಿಯಲ್ಲಿ ಅಂಚು ಬಿಡು ಅಂದರೆ ಬರೆಯುವುದೆಲ್ಲಿ? ಹಾಗಾಗಿ ದೊಡ್ಡ ಹಾಳೆ ಕೊಟ್ಟರೂ ಈ ತುದಿಯಿಂದ ಆ ತುದಿಗೆ, ಬಾಕಿ ಒಂದು ಎಳ್ಳಿನಷ್ಟೂ ಬಿಡದೆ ಬರೆಯುವುದು ಅವಳಿಗೆ ರೂಢಿ. ಇದು ಅಜ್ಜನಿಗೆ ಗೊತ್ತಿಲ್ಲದ ವಿಷಯವೇನಲ್ಲ. ಗೊತ್ತಿದ್ದದ್ದು ಆ ದಿನ ನೆನಪಿಗೆ ಬರಲಿಲ್ಲ, ಅಷ್ಟೇ.

ಹನ್ನೆರಡನೇ ವಾರದ ಶುಕ್ರವಾರ ಅಪ್ಪ ಅಮ್ಮ ಎರಡು ದಿನ ರಜೆ ಹಾಕಿ ಪಿಟೀಲನ್ನು ಪ್ಲಾಸ್ಟರ್ ಬಿಚ್ಚಿಸಲು ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಜ್ಜ ಹನ್ನೆರಡು ಬರಹಗಳನ್ನೂ ಡ್ರಾಯರಿನಿಂದ ಹೊರಗೆ ತೆಗೆದ. ಮಾರನೆಯ ದಿನ ಮೇಡಂ ಬರುವುದು. ಬಿಡಿ ಹಾಳೆ ಅವರ ಕೈಗೆ ಕೊಡುವುದೇ?

‘ಅವಳನ್ನ ಒಂದು ಮಾತು ಕೇಳಿದ್ರೆ ಆಗ್ತಿತ್ತು,’ ಅಂದಳು ತಂಗಿ, ಹೊಲಿಗೆ ಹಾಕುತ್ತಾ.

‘ಕೇಳಿದ್ರೆ ಆಶ್ಚರ್ಯ ಏನು ಉಳೀತು?’

ನೀಲಿ ಬಟ್ಟೆಯ ಬೆನ್ನು, ಗಟ್ಟಿ ರಟ್ಟು. ಹೊದಿಸುವ ಮೊದಲು ಮೂರು ಕಡೆ ಕತ್ತರಿಸಬೇಕು, ಅದು ಕೈಗೆ ಕೂತ ಕಸುಬು. ಹಾಳೆ ದೊಡ್ಡದು ಚಿಕ್ಕದು ಇದ್ದದ್ದರಿಂದ ಎಲ್ಲಕ್ಕಿಂತ ಚಿಕ್ಕದರ ಅಂಚಿನಿಂದಲೂ ಬೆರಳಗಲ ಒಳಕ್ಕೆ ಅಳತೆ ಇಟ್ಟ. ಚಕ್ರ ತಿರುಗಿಸಿ ಬಿಗಿ ಮಾಡಿದ. ಹಿಡಿ ಎಳೆದ. ಕರ್ರ್ ಅಂತ ಅಲಗು ಇಳಿಯಿತು. ತೆರೆದು ನೋಡಿದರೆ ಸಾಲುಗಳೆಲ್ಲ ಒಂದೇ ನೇರಕ್ಕೆ, ಸೈನಿಕರ ಹಾಗೆ ನಿಂತಿದ್ದವು. ಎಷ್ಟು ಚೆಂದ ಬರೆದಿದ್ದಾಳೆ ಮಗು ಅಂತ ಅಜ್ಜನ ಕಣ್ಣು ತುಂಬಿತು.

ಸಂಜೆ ನಾಲ್ಕಕ್ಕೆ ಊರುಗೋಲು ಊರಿಕೊಂಡು ಪಿಟೀಲು ಬಂದಳು. ಅಜ್ಜ ಎರಡೂ ಕೈಯಲ್ಲಿ ಹಿಡಿದು ಕೊಟ್ಟ. ಅವಳು ರಟ್ಟು ಸವರಿದಳು, ಮೂಸಿದಳು, ಕುಣಿಯಲಾರದೆ ಊರುಗೋಲನ್ನೇ ಕುಣಿಸಿದಳು. ತೆರೆದಳು. ಓದತೊಡಗಿದಳು. ನಿಂತಳು. ಮತ್ತೆ ಓದಿದಳು.

‘ಅಜ್ಜ, ಸಾಲಿನ ಕೊನೇ ಪದ ಎಲ್ಲಿ?’

‘ಎಲ್ಲಿ ಅಂದ್ರೆ?’

‘ಒಂದು ಸಾಲಿಗೂ ಕೊನೆ ಇಲ್ಲ.’

ಅಜ್ಜ ಕಟಿಂಗ್ ಮಷೀನಿನ ಕಡೆ ನೋಡಿದ. ಅದರ ಕೆಳಗಿನ ಗೋಣಿಚೀಲದ ಕಡೆ ನೋಡಿದ. ಅಲ್ಲೇ ಕುಸಿದು ಕೂತ.

‘ಅಪ್ಪ, ಏನು ಮಾಡಿಬಿಟ್ಟೆ!’ ಅಂದಳು ಮಗಳು. ಅಳಿಯ ಟೋಪಿ ತೆಗೆದು ಮತ್ತೆ ಹಾಕಿಕೊಂಡ. ಪಿಟೀಲಿನ ಕೆಳತುಟಿ ಮುಂದೆ ಬಂತು. ಆದರೆ ಅಜ್ಜ ಎರಡೂ ಅಂಗೈಯಲ್ಲಿ ಮುಖ ಮುಚ್ಚಿಕೊಂಡಿದ್ದ. ಅವಳು ಅದನ್ನು ನೋಡಿ, ಊರುಗೋಲು ಬದಿಗಿಟ್ಟು ಅಜ್ಜನ ಪಕ್ಕ ನೆಲಕ್ಕೆ ಕೂತಳು. ‘ಹೋಗ್ಲಿ ಬಿಡಜ್ಜ. ಕಾಲು ನಾನೇ ಮುರ್ಕೊಂಡೆ, ಬಾಲ ನೀನು ಕೊಯ್ದೆ. ಸಮ ಆಯ್ತು.’

ಮಾರನೆಯ ದಿನ ಬೆಳಕು ಹರಿಯುತ್ತಿದ್ದ ಹಾಗೆ ಅಣ್ಣ ತಂಗಿ ಗೋಣಿಚೀಲ ಸುರಿದರು. ವಾರದ ಕಸವೆಲ್ಲ ಅದರಲ್ಲೇ. ಪಿಟೀಲಿನ ನೀಲಿ ಶಾಯಿ ಕಂಡ ಪಟ್ಟಿಗಳನ್ನು ಆರಿಸಿ ಆರಿಸಿ ಮೇಜಿನ ಮೇಲೆ ಇಟ್ಟರು. ಇಪ್ಪತ್ತೆರಡು ಹಾಳೆಗೆ ಹತ್ತೊಂಬತ್ತು ಪಟ್ಟಿ ಸಿಕ್ಕವು. ಯಾವುದು ಯಾವ ಪುಟಕ್ಕೆ ಅಂತ ಇಬ್ಬರಿಗೂ ತಿಳಿಯದು. ಪಿಟೀಲನ್ನು ಎಬ್ಬಿಸಿ ಅಂಟಿಸೋಣ ಅನ್ನುವಷ್ಟರಲ್ಲಿ, ಹತ್ತಕ್ಕೆ ಬರುವ ಮೇಡಂ ಒಂಬತ್ತಕ್ಕೇ ಹೊಸ್ತಿಲಲ್ಲಿ ನಿಂತಿದ್ದರು.

ಪುಸ್ತಕ ಕೈಗೆತ್ತಿಕೊಂಡು ‘ಅಬ್ಬಾ, ಚೆನ್ನಾಗಿದೆ’ ಅಂದವರು, ಎರಡು ಪುಟ ತಿರುವಿ ಹುಬ್ಬು ಗಂಟಿಕ್ಕಿದರು. ‘ಇದೇನಿದು?’

ಅಜ್ಜ ಎದ್ದು ನಿಂತ. ಮೂರನೇ ಕ್ಲಾಸಿನಲ್ಲಿ ಮೇಷ್ಟರ ಎದುರು ನಿಂತ ಹಾಗೆಯೇ, ಕೈ ಕಟ್ಟಿಕೊಂಡು. ‘ತಪ್ಪು ನನ್ನದು ಮೇಡಂ. ಓದೋಕೆ ಬರ್ದೇ ಕತ್ತರಿಸಿಬಿಟ್ಟೆ. ಮಗು ಬರೆದಿದ್ದಳು. ನಾನು ಹಾಳು ಮಾಡಿದ್ದಕ್ಕೆ ಅವಳನ್ನ ಹಿಂದೆ ಕೂರಿಸಬೇಡಿ.’

ಮೇಡಂ ಆ ಗೋಂದಿನ ಸ್ಟೂಲನ್ನು ಎಳೆದುಕೊಂಡು ಕೂತೇ ಬಿಟ್ಟರು.

‘ಅಜ್ಜ, ನಾವು ಪರೀಕ್ಷೆಯಲ್ಲಿ ಬಿಟ್ಟ ಸ್ಥಳ ತುಂಬಿ ಅಂತ ಹತ್ತು ಸಾಲು ಕೊಡ್ತೀವಿ. ನೀವು ಒಟ್ಟಿಗೆ ನಾನೂರು ಕೊಟ್ಟಿದೀರ.’ ಸದ್ದಿಗೆ ಎದ್ದು ಅಪ್ಪ ಅಮ್ಮನ ಜೊತೆ ಅಲ್ಲಿಗೆ ಬಂದಿದ್ದ ಪಿಟೀಲಿನ ಕಡೆ ತಿರುಗಿದರು. ‘ಬರೆದವಳಿಗೆ ತಾನೇ ಗೊತ್ತಿರೋದು? ಓದು, ನೋಡೋಣ. ತುಂಬಿಕೊಂಡು ಓದು.’

ಪಿಟೀಲು ಓದಿದಳು. ಮೊದಲು ಸಾಲಿನ ತುದಿಗೆ ಬಂದಾಗಲೆಲ್ಲ ಬಸ್ಸು ಗುಂಡಿಗೆ ಇಳಿದ ಹಾಗೆ ತಡವರಿಸಿದಳು. ಎರಡನೆಯ ಪುಟಕ್ಕೆ ದಾರಿ ಸಿಕ್ಕಿತು. ಮೇಡಂ ಮೇಜಿನ ಮೇಲಿನ ಪಟ್ಟಿಗಳಲ್ಲಿ ಸರಿಯಾದದ್ದನ್ನು ಹುಡುಕಿ, ಪುಟಕ್ಕೆ ಹಿಡಿದು, ಬೆರಳಿಟ್ಟು ಹೋಲಿಸುತ್ತಾ ಹೋದರು. ಅಜ್ಜನಿಗೆ ಒಂದು ಅಕ್ಷರವೂ ತಿಳಿಯದು. ಅವನು ಬರೀ ಆ ಬೆರಳನ್ನು ನೋಡುತ್ತಿದ್ದ. ಅದು ಸರಸರ ಇಳಿಯುತ್ತಿತ್ತು. ಅಪ್ಪ ಅಮ್ಮನ ಬಸ್ಸಿನ ಬಗ್ಗೆ ಬರೆದ ಬರಹಕ್ಕೆ ಬಂದಾಗ ಬೆರಳು ನಿಂತಿತು. ಅಜ್ಜನ ಉಸಿರೂ ನಿಂತಿತು.

‘ಇಲ್ಲಿ ಬೇರೆ ಪದ ಇದೆಯಲ್ಲ. ಅಮ್ಮ ಸೀಟಿ ಊದಿದ ಕೂಡಲೇ ಅಪ್ಪ ಹೊರಡುತ್ತಾರೆ ಅಂತ ಬರೆದಿದೀಯ. ಈಗ ಹೇಳಿದ್ದು ಬೇರೆ.’

ಪಿಟೀಲು ಬಾಗಿಲಲ್ಲಿ ನಿಂತ ಅಪ್ಪನನ್ನು ಓರೆಗಣ್ಣಲ್ಲಿ ನೋಡಿದಳು. ‘ಹೌದು ಮೇಡಂ. ಬರೆಯುವಾಗ ಹೊರಡೋದು ಅಂತಲೇ ಬರೆದಿದ್ದೆ. ಈಗ ಓದುವಾಗ ಅನ್ನಿಸ್ತು, ಅಪ್ಪ ಬರೀ ಹೊರಡಲ್ಲ. ಹೇಳಿದ ಮಾತು ಕೇಳ್ತಾರೆ. ಅದಕ್ಕೆ ಆ ಪದ ಹಾಕಿದೆ.’

ಮೊದಲು ನಕ್ಕಿದ್ದು ಅಮ್ಮ. ಆಮೇಲೆ ಸೂಜಿ ಅಜ್ಜಿ, ಸೂಜಿ ಕೆಳಗಿಟ್ಟು. ಅಪ್ಪ, ‘ಇಂಗ್ಲಿಷ್‌ನಲ್ಲೂ ನನ್ನ ಮಾನ ಹೋಯ್ತು’ ಅಂದ. ಮೇಡಂ ಕಣ್ಣೊರೆಸಿಕೊಂಡು ಪುಸ್ತಕ ಮುಚ್ಚಿದರು.

‘ಬೇರೆಯವರು ಬರೆದುಕೊಟ್ಟಿದ್ದರೆ ಬಾಯಿಪಾಠ ಒಪ್ಪಿಸ್ತಿದ್ದಳು. ತನ್ನದನ್ನ ತಾನೇ ತಿದ್ದೋರು ಬರೆದವರು ಮಾತ್ರ. ಸೋಮವಾರ ಬಾ. ನಿನ್ನ ಬೆಂಚಿನಲ್ಲಿ ನಿನ್ನ ಜಾಗ ಹಾಗೇ ಇದೆ. ಮೆಟ್ಟಿಲು ಒಂದೊಂದಾಗಿ ಹತ್ತು.’ ಹೇಳಿ ಮೇಲೆದ್ದರು. ಸ್ಟೂಲೂ ಅವರ ಜೊತೆಗೇ ಎದ್ದಿತು. ಬಿಡಿಸಲು ಬಿಸಿನೀರು, ಒದ್ದೆ ಬಟ್ಟೆ, ಮೂವರು ಹೆಂಗಸರು ಬೇಕಾಯಿತು. ಅಜ್ಜ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದ. ಹೆಗಲು ಕುಲುಕುವುದನ್ನು ನೋಡಿದರೆ ಅಳುತ್ತಿದ್ದಾನೋ ನಗುತ್ತಿದ್ದಾನೋ ಹೇಳುವಂತಿರಲಿಲ್ಲ.

ಭಾನುವಾರ ಅವನು ಶಾಲೆಯ ಇಂಗ್ಲಿಷ್ ಪುಸ್ತಕವನ್ನು ಮತ್ತೆ ಹೊಲಿಸಿ, ರಟ್ಟು ಹೊದಿಸಿದ. ಜೊತೆಗೆ ಒಂದು ಹೊಸ ನೋಟ್‌ಬುಕ್ ಕಟ್ಟಿದ. ಪ್ರತಿ ಪುಟಕ್ಕೂ ಬಲಗಡೆ ಎರಡು ಬೆರಳು ಅಗಲಕ್ಕೆ ಪೆನ್ಸಿಲ್ ಗೆರೆ.

‘ಇಷ್ಟು ಜಾಗ ವೇಸ್ಟು ಅಜ್ಜ,’ ಅಂದಳು ಪಿಟೀಲು.

‘ಅದು ನನ್ನ ಜಾಗ. ಅಲ್ಲಿ ಕಾಲಿಡಬೇಡ.’

ಸೋಮವಾರ ಬೆಳಗ್ಗೆ ಏಳೂ ಮುಕ್ಕಾಲಿಗೆ ಅಪ್ಪ ಅಮ್ಮನ ಬಸ್ಸು ಅಂಗಡಿಯ ಮುಂದೆ ನಿಂತಿತು. ಪಿಟೀಲು ಊರುಗೋಲು ಮೊದಲು ಹತ್ತಿಸಿ, ಆಮೇಲೆ ತಾನು ಹತ್ತಿದಳು. ಅಮ್ಮ ಸೀಟಿ ಊದಿದಳು, ಅಪ್ಪ ಮಾತು ಕೇಳಿದ. ಮೂರನೇ ಸ್ಟೂಲು ಖಾಲಿಯಾಗಿತ್ತು. ಸೂಜಿ ಅಜ್ಜಿ ಅದರ ಮೇಲೆ ತನ್ನ ಕಾಲು ಚಾಚಿದಳು.

‘ಪುಸ್ತಕದ ಕೊನೇ ಕಥೆ ಹೇಳದೇ ಹೋದಳಲ್ಲ ಅಣ್ಣ.’

‘ಎಲ್ಲಿ ಹೋದಾಳು?’ ಅಂದ ಅಜ್ಜ, ಕಪಾಟಿನ ಬೀಗ ತೆಗೆದು ತೋರಿಸುತ್ತಾ. ಕೊನೆಯ ಫಾರಂ ಅಲ್ಲೇ ಇತ್ತು. ಅದೊಂದನ್ನು ಅವನು ಹೊಲಿಸಿರಲಿಲ್ಲ.